ಹಡಗಿನ ತಳ ಕಾಣುವ ಜಾಗ

ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದ ನೆಲೆ ನಮ್ಮ ಕಾರವಾರ. ಅದರ ಉದ್ದ 284 ಮೀಟರ್, ತೂಕ ಸುಮಾರು 44,500 ಟನ್. ಕಾರವಾರದ ನೌಕಾನೆಲೆಯಲ್ಲಿ ಹಡಗುಗಳನ್ನು ನೀರಿನಿಂದ ಮೇಲಕ್ಕೆತ್ತುವ ಶಿಪ್‌ಲಿಫ್ಟ್ ಇದೆ, ಆದರೆ ಅದರ ತಾಕತ್ತು 10,000 ಟನ್ನಿಗೆ ಮುಗಿಯುತ್ತದೆ. ಹಾಗಾಗಿ ವಿಕ್ರಮಾದಿತ್ಯದ ತಳ ತೊಳೆದು ಬಣ್ಣ ಬಳಿಯಬೇಕೆಂದರೆ ಅದು ಕರಾವಳಿಗುಂಟ ದಕ್ಷಿಣಕ್ಕೆ ಸಾಗಿ ಕೊಚ್ಚಿ ಸೇರಬೇಕು. ಅಷ್ಟು ದೊಡ್ಡ ಹಡಗನ್ನು ಒಳಗೆ ಬಿಟ್ಟುಕೊಂಡು, ನೀರು ಬಸಿದು, ಒಣನೆಲದ ಮೇಲೆ ಕೂರಿಸಬಲ್ಲ ಡ್ರೈ ಡಾಕ್ ಅಲ್ಲಿನ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿದೆ.

ಕೇಂದ್ರ ಸರ್ಕಾರದ ಈ ಕಂಪನಿ ಶುರುವಾದದ್ದು 1972ರಲ್ಲಿ, ಜಪಾನಿನ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್‌ನ ತಾಂತ್ರಿಕ ನೆರವಿನಿಂದ. ಅಲ್ಲಿ ಕಟ್ಟಿದ ಮೊದಲ ಹಡಗು ‘ರಾಣಿ ಪದ್ಮಿನಿ’, 75,000 ಟನ್ ಸರಕು ಹೊರುವ ಹಡಗು, 1981ರಲ್ಲಿ ಹಸ್ತಾಂತರವಾಯಿತು. ಹಡಗು ಕಟ್ಟಲು ಒಂದು, ರಿಪೇರಿಗೆ ಒಂದು ಎಂದು ಬಹುಕಾಲ ಇದ್ದದ್ದು ಎರಡೇ ಡಾಕು. 2024ರ ಜನವರಿಯಲ್ಲಿ 310 ಮೀಟರ್ ಉದ್ದದ ಮೂರನೆಯದು ಉದ್ಘಾಟನೆಯಾಯಿತು.

ಹೊಸ ಹಡಗು ನೀರಿಗಿಳಿದ ದಿನ ಯಾರ್ಡಿನ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಹೂಮಾಲೆ, ತೆಂಗಿನಕಾಯಿ, ಮಂತ್ರಿಗಳು. ರಿಪೇರಿ ಡಾಕಿನ ಫೋಟೊ ಯಾರೂ ಹಾಕುವುದಿಲ್ಲ. ಯಾರ್ಡೊಂದರ ನಿಜವಾದ ಕಸುಬು ಗೊತ್ತಾಗುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಆದರೆ ಕಟ್ಟುವ ಕ್ರಮ ತಿಳಿಯದೆ ರಿಪೇರಿ ತಿಳಿಯುವುದಿಲ್ಲ, ಆದ್ದರಿಂದ ಮೊದಲು ಅದನ್ನು ನೋಡೋಣ.

ತಳದಲ್ಲಿ ಕೀಲ್ ಇಟ್ಟು ಒಂದೊಂದೇ ತಗಡು ಸೇರಿಸುತ್ತ ಮೇಲೇರುವ ಪದ್ಧತಿ ದೊಡ್ಡ ಯಾರ್ಡುಗಳಲ್ಲಿ ಎಂದೋ ಹೋಯಿತು. ಈಗ ಹಡಗನ್ನು ಕಂಪ್ಯೂಟರಿನಲ್ಲೇ ತುಂಡುತುಂಡು ಮಾಡಿ, ಒಂದೊಂದು ತುಂಡನ್ನು ಶೆಡ್ಡಿನಲ್ಲಿ ಬೇರೆಬೇರೆಯಾಗಿ ಕಟ್ಟುತ್ತಾರೆ. ಈ ತುಂಡಿಗೆ ಬ್ಲಾಕ್ ಎಂದು ಹೆಸರು. ಉಕ್ಕಿನ ಪ್ಲೇಟು ಯಾರ್ಡಿಗೆ ಬಂದೊಡನೆ ಅದರ ಮೇಲೆ ಉಕ್ಕಿನ ಕಾಳು ಸಿಡಿಸಿ ತುಕ್ಕು ಕಿತ್ತು, ಪ್ರೈಮರ್ ಬಳಿದು, ಪ್ಲಾಸ್ಮಾ ಕಟಿಂಗ್ ಯಂತ್ರಕ್ಕೆ ಕೊಡುತ್ತಾರೆ. ಕತ್ತರಿಸಿದ ಪ್ರತಿ ಚೂರಿಗೂ ನಂಬರು ಬೀಳುತ್ತದೆ. ಬ್ಲಾಕನ್ನು ಎಷ್ಟೋ ಸಲ ತಲೆಕೆಳಗಾಗಿಯೇ ಕಟ್ಟುತ್ತಾರೆ, ಮೇಲ್ಭಾಗ ಕೆಳಗೆ, ತಳ ಮೇಲೆ. ಕಾರಣ ಸರಳ. ವೆಲ್ಡರ್ ತಲೆಯ ಮೇಲೆ ಕೈಯೆತ್ತಿ ಬೆಸೆಯುವುದಕ್ಕಿಂತ ಬಗ್ಗಿ ಕೆಳಮುಖವಾಗಿ ಬೆಸೆದರೆ ಕೆಲಸ ಬೇಗ ಆಗುತ್ತದೆ, ಬೆಸುಗೆಯೂ ಗಟ್ಟಿ ಬರುತ್ತದೆ. ಪೈಪು, ಕೇಬಲ್ ಹಾಯಿಸುವ ಟ್ರೇ, ಏಣಿ ಇವನ್ನೆಲ್ಲ ಆಗಲೇ ಕೂರಿಸಿಬಿಡುತ್ತಾರೆ. ಆಮೇಲೆ ಬ್ಲಾಕನ್ನು ಮಗುಚಿ, ಡಾಕಿಗೆ ಒಯ್ದು, ಗ್ಯಾಂಟ್ರಿ ಕ್ರೇನಿನಲ್ಲಿ ಇಳಿಸಿ ಪಕ್ಕದ ಬ್ಲಾಕಿಗೆ ಜೋಡಿಸುವುದು.

ಹೀಗೆ ಹೇಳಿದರೆ ಸುಲಭ ಅನ್ನಿಸೀತು. ತೊಂದರೆ ಕೊಡುವುದು ಶಾಖ. ವೆಲ್ಡಿಂಗಿನ ಕಾವು ತಗುಲಿದ ಉಕ್ಕು ಆರುವಾಗ ಕುಗ್ಗುತ್ತದೆ. ಒಂದೊಂದು ಬೆಸುಗೆಗೆ ಕುಗ್ಗುವುದು ಕೂದಲೆಳೆಯಷ್ಟಾದರೂ ಇಡೀ ಬ್ಲಾಕಿನ ಸಾವಿರಾರು ಬೆಸುಗೆ ಸೇರಿದರೆ ಅಂಚಿಗೆ ಅಂಚು ಕೂಡುವುದಿಲ್ಲ. ಆದ್ದರಿಂದ ಎಷ್ಟು ಕುಗ್ಗಬಹುದೆಂದು ಮೊದಲೇ ಅಂದಾಜು ಮಾಡಿ ಪ್ಲೇಟನ್ನು ಅಷ್ಟು ದೊಡ್ಡದಾಗಿಯೇ ಕತ್ತರಿಸುತ್ತಾರೆ. ಯಾವ ಬೆಸುಗೆ ಮೊದಲು, ಯಾವುದು ಆಮೇಲೆ ಎಂಬ ಕ್ರಮವೂ ಬರೆದಿಟ್ಟಿರುತ್ತದೆ. ಪ್ರೊಪೆಲ್ಲರ್ ತಿರುಗಿಸುವ ಶಾಫ್ಟನ್ನು ಇಂಜಿನ್ನಿಗೆ ನೇರ ಕೂರಿಸುವ ಕೆಲಸ ರಾತ್ರಿ, ಇಲ್ಲವೇ ಬೆಳಕು ಹರಿಯುವ ಮುಂಚೆ ನಡೆಯುತ್ತದೆ. ಬಿಸಿಲು ಒಂದು ಮಗ್ಗುಲಿಗೆ ಬಿದ್ದರೂ ಸಾಕು, ಇಡೀ ಹಡಗು ಕಣ್ಣಿಗೆ ಕಾಣದಷ್ಟು ಬಾಗಿ ಅಳತೆ ಕೆಡುತ್ತದೆ.

ಇದೇ ಶಾಖವನ್ನು ಪಳಗಿಸಿದವರೂ ಯಾರ್ಡಿನಲ್ಲಿದ್ದಾರೆ. ಹಡಗಿನ ಮೂತಿ, ಹಿಂಭಾಗದ ತಳ ಇಂಥ ಕಡೆ ಪ್ಲೇಟು ಎರಡೆರಡು ದಿಕ್ಕಿಗೆ ಬಾಗಿರಬೇಕು. ರೋಲರ್ ಒಂದು ದಿಕ್ಕಿಗೆ ಬಾಗಿಸೀತು, ಎರಡನೆಯದಕ್ಕೆ ಕೈಯೇ ಬೇಕು. ಗ್ಯಾಸ್ ಟಾರ್ಚ್ ಹಿಡಿದ ಒಬ್ಬ ಸೀಮೆಸುಣ್ಣದ ಗೆರೆಗುಂಟ ನಿಧಾನವಾಗಿ ಕಾಯಿಸುತ್ತ ಹೋಗುತ್ತಾನೆ, ಅವನ ಹಿಂದೆಯೇ ನೀರಿನ ಪೈಪು. ಕಾದ ಮಗ್ಗುಲು ತಣಿಯುವಾಗ ಮುದುಡಿ, ಕೆಂಡದ ಮೇಲಿಟ್ಟ ಹಪ್ಪಳದಂತೆ ದಪ್ಪ ಉಕ್ಕು ಆ ಕಡೆಗೆ ಏಳುತ್ತದೆ. ಮರದ ಅಚ್ಚು ಇಟ್ಟು ನೋಡುವುದು, ಸಂದು ಕಂಡಲ್ಲಿ ಇನ್ನೊಂದು ಗೆರೆ ಎಳೆಯುವುದು, ಮತ್ತೆ ಕಾಯಿಸುವುದು. ಯಾವ ಗೆರೆ ಎಲ್ಲಿ ಎಂಬುದು ವರ್ಷಗಟ್ಟಲೆ ಮಾಡಿದ ಕೈಗೆ ಮಾತ್ರ ಗೊತ್ತು. ರೋಬೋಟುಗಳು ಬಂದ ಮೇಲೂ ಈ ಕೈಗಳ ಬೇಡಿಕೆ ಕಡಿಮೆಯಾಗಿಲ್ಲ.

ಎಲ್ಲ ಸರಿ ಇದ್ದರೂ ಹಡಗು ಎಷ್ಟು ತಡವಾಗಬಲ್ಲದು ಎಂಬುದಕ್ಕೆ ಇದೇ ಕೊಚ್ಚಿಯಲ್ಲಿ ಕಟ್ಟಿದ ಐಎನ್‌ಎಸ್ ವಿಕ್ರಾಂತ್ ಉದಾಹರಣೆ. ಕೀಲ್ ಇಟ್ಟದ್ದು 2009ರ ಫೆಬ್ರುವರಿ 28ಕ್ಕೆ, ನೌಕಾಪಡೆಗೆ ಸೇರಿದ್ದು 2022ರ ಸೆಪ್ಟೆಂಬರ್ 2ಕ್ಕೆ. ರಷ್ಯಾದಿಂದ ಬರಬೇಕಿದ್ದ ಯುದ್ಧನೌಕೆಯ ಉಕ್ಕು ಕೈಕೊಟ್ಟಾಗ ಡಿಆರ್‌ಡಿಒ ಮತ್ತು ಸ್ಟೀಲ್ ಅಥಾರಿಟಿ ಕೂಡಿ ಇಲ್ಲೇ ಅದನ್ನು ತಯಾರಿಸಬೇಕಾಯಿತು. ಭಿಲಾಯಿ, ಬೊಕಾರೊ, ರೂರ್ಕೆಲಾದಿಂದ ಬಂದ ಆ ಉಕ್ಕು ಸುಮಾರು 30,000 ಟನ್. ತಡವಾಯಿತೆಂದು ಆಗ ಬೈದವರೇ ಹೆಚ್ಚು, ಆದರೆ ಮುಂದಿನ ಯುದ್ಧನೌಕೆಗಳಿಗೆ ಉಕ್ಕು ಕೇಳಿಕೊಂಡು ಯಾರ ಬಾಗಿಲಿಗೂ ಹೋಗುವುದು ತಪ್ಪಿತು.

ಡಾಕಿನಲ್ಲಿ ಕಟ್ಟಿದ ಹಡಗು ಜಾರುವುದಿಲ್ಲ, ಧುಮುಕುವುದಿಲ್ಲ. ನೀರು ಬಿಡುತ್ತಾರೆ, ತೇಲುತ್ತದೆ. ಆಮೇಲೆ ಧಕ್ಕೆಗೆ ಕಟ್ಟಿ ಒಳಗಿನ ಕೆಲಸ, ಕೊನೆಗೆ ಸಮುದ್ರದಲ್ಲಿ ಪರೀಕ್ಷೆ.

ಇನ್ನು ರಿಪೇರಿ. ಹೊಸ ಹಡಗಿನಲ್ಲಿ ಪ್ರತಿ ಚೂರಿಗೂ ನಕ್ಷೆ ಇದೆ. ಹಳೆಯದರಲ್ಲಿ ತೆರೆದು ನೋಡುವ ತನಕ ಏನಿದೆಯೆಂದು ಮಾಲೀಕನಿಗೂ ಗೊತ್ತಿಲ್ಲ, ಯಾರ್ಡಿಗೂ ಗೊತ್ತಿಲ್ಲ. ನಿಯಮದ ಪ್ರಕಾರ ಸರಕು ಹಡಗು ಐದು ವರ್ಷಕ್ಕೆ ಎರಡು ಸಲ ತನ್ನ ತಳ ತಪಾಸಣೆ ಮಾಡಿಸಿಕೊಳ್ಳಬೇಕು. ಡಾಕಿನಲ್ಲಿ ಕಳೆದ ಪ್ರತಿ ದಿನ ಅದಕ್ಕೆ ಬಾಡಿಗೆಯಿಲ್ಲ. ಹಾಗಾಗಿ ಮಾಲೀಕನ ಕಡೆಯವರು ಕ್ಯಾಲೆಂಡರ್ ಹಿಡಿದೇ ಬಂದಿರುತ್ತಾರೆ.

ಹಡಗು ಬರುವ ಮೊದಲೇ ಅದರ ತಳದ ನಕ್ಷೆ ಬರುತ್ತದೆ. ಅದನ್ನು ನೋಡಿ ಡಾಕಿನ ನೆಲದ ಮೇಲೆ ಆಧಾರದ ದಿಮ್ಮಿಗಳನ್ನು ಸಾಲಾಗಿ ಇಡುತ್ತಾರೆ. ಕೆಳಗೆ ಕಾಂಕ್ರೀಟು ಅಥವಾ ಉಕ್ಕು, ಮೇಲೆ ಭಾರಕ್ಕೆ ತುಸು ಒತ್ತಿಕೊಳ್ಳುವ ಮರ. ಒಳಗಿನ ಬಲವಾದ ಪಕ್ಕೆಗಳ ನೇರಕ್ಕೇ ದಿಮ್ಮಿ ಬರಬೇಕು, ಇಲ್ಲದಿದ್ದರೆ ತಳ ತಗ್ಗಾಗುತ್ತದೆ. ಡಾಕಿಗೆ ನೀರು ತುಂಬಿಸಿ, ಟಗ್‌ಗಳು ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ ಪಂಪು ಶುರುವಾದ ಮೇಲೆ ಡಾಕ್ ಮಾಸ್ಟರ್ ಯಾರೊಂದಿಗೂ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಸಾಮಾನ್ಯವಾಗಿ ಹಡಗಿನ ಹಿಂಭಾಗ ಮೊದಲು ದಿಮ್ಮಿಗೆ ತಾಗುತ್ತದೆ, ಆಗ ಮುಂಭಾಗ ಇನ್ನೂ ತೇಲುತ್ತಿರುತ್ತದೆ. ತಳದ ಒಂದೇ ಕಡೆಯಿಂದ ಮೇಲಕ್ಕೆ ಒತ್ತು ಬೀಳುತ್ತ ಹೋದ ಹಾಗೆ ಹಡಗಿನ ಸಮತೋಲ ಕ್ಷೀಣಿಸುತ್ತದೆ. ಟ್ಯಾಂಕುಗಳಲ್ಲಿ ಅರ್ಧಂಬರ್ಧ ನೀರಿದ್ದು ತುಳುಕಿದರೆ ಇನ್ನೂ ಕಷ್ಟ. ಉದ್ದಕ್ಕೂ ತಳ ದಿಮ್ಮಿಯ ಮೇಲೆ ಕೂತ ಮೇಲಷ್ಟೇ ಉಸಿರು ಬಿಡುವುದು. ಅದಕ್ಕೂ ಮುಂಚೆ ಮುಳುಗುಗಾರರು ಇಳಿದು ದಿಮ್ಮಿಗಳು ಕದಲಿಲ್ಲವೆಂದು ಕೈಯಾರೆ ಮುಟ್ಟಿ ಬಂದಿರುತ್ತಾರೆ.

ನೀರು ಇಳಿದಾಗ ಕಾಣುವುದು ಚಂದದ ನೋಟವಲ್ಲ. ಪಾಚಿ, ಚಿಪ್ಪು, ಕೊಳೆತ ಸಮುದ್ರದ ವಾಸನೆ. ಈ ಚಿಪ್ಪುಗಳು ಅಂಟಿದ ಹಡಗು ಅದೇ ವೇಗಕ್ಕೆ ಹೆಚ್ಚು ಎಣ್ಣೆ ಕುಡಿಯುತ್ತದೆ. ಭಾರೀ ಒತ್ತಡದ ನೀರು ಹಾಯಿಸಿ ಅವನ್ನು ಕೆರೆದು, ಜೀವಿಗಳು ಅಂಟದಂಥ ಬಣ್ಣ ಬಳಿಯುತ್ತಾರೆ. ಹಿಂದೆ ಈ ಬಣ್ಣದಲ್ಲಿ ತವರದ ಒಂದು ವಿಷಸಂಯುಕ್ತ ಇರುತ್ತಿತ್ತು. ಸಮುದ್ರದ ಜೀವಿಗಳಿಗೆಲ್ಲ ಮಾರಕವೆಂದು ಅದನ್ನು ನಿಷೇಧಿಸಿದ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ದಿಮ್ಮಿಯ ಮೇಲೆ ಕೂತ ಜಾಗಕ್ಕೆ ಮಾತ್ರ ಬಣ್ಣ ಸಿಗುವುದಿಲ್ಲ, ಆದ್ದರಿಂದ ಮುಂದಿನ ಸಲ ಹಡಗು ಬಂದಾಗ ದಿಮ್ಮಿಗಳನ್ನು ಸರಿಸಿ ಬೇರೆ ಕಡೆ ಇಡುತ್ತಾರೆ. ತುಕ್ಕು ಹಡಗನ್ನು ಬಿಟ್ಟು ತಮ್ಮನ್ನು ತಿನ್ನಲಿ ಎಂದು ತಳಕ್ಕೆ ಬೆಸೆದಿದ್ದ ಸತುವಿನ ಗಟ್ಟಿಗಳು ಅಷ್ಟರಲ್ಲಿ ಸವೆದು ಚೂರಾಗಿರುತ್ತವೆ. ಅವನ್ನೂ ಬದಲಿಸಬೇಕು.

ಆಮೇಲೆ ತಪಾಸಣೆಗೆ ಸರ್ವೇಯರ್. ಶಬ್ದದ ಅಲೆ ಹಾಯಿಸಿ ಪ್ಲೇಟಿನ ದಪ್ಪ ಹೇಳುವ ಸಣ್ಣ ಯಂತ್ರದಲ್ಲಿ ಜಾಗಜಾಗದ ಅಳತೆ ತೆಗೆದಿರುತ್ತಾರೆ. ಮಿತಿ ಮೀರಿ ಸವೆದ ಕಡೆ ಆತ ಸೀಮೆಸುಣ್ಣದಲ್ಲಿ ಚೌಕ ಬರೆಯುತ್ತಾನೆ. ಅಷ್ಟು ಕತ್ತರಿಸಿ ಹೊಸ ಪ್ಲೇಟು ಹಾಕಬೇಕು. ಚೌಕವೆಂದರೂ ಮೂಲೆಗಳನ್ನು ದುಂಡಗೆ ಕತ್ತರಿಸುವುದು ಕಡ್ಡಾಯ, ಏಕೆಂದರೆ ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಹಳೇ ಪ್ಲೇಟು ತೆಗೆದಾಗ ಹಿಂದಿನ ಪಕ್ಕೆಯೂ ಕೊಳೆತದ್ದು ಕಾಣುತ್ತದೆ, ಅದರ ಪಕ್ಕದ ಪೈಪೂ ತೂತು. ಹತ್ತು ದಿನದ ಕೆಲಸ ಇಪ್ಪತ್ತಕ್ಕೆ ಹೋಗುವುದು ಹೀಗೆ. ದರದ ಜಗಳ, ದಿನದ ಜಗಳ ಎಲ್ಲ ಇಲ್ಲೇ ಹುಟ್ಟುತ್ತವೆ. ಒಳ್ಳೆಯ ರಿಪೇರಿ ಯಾರ್ಡು ಎಂದರೆ ಈ ಅನಿರೀಕ್ಷಿತಕ್ಕೂ ಆಳು, ಉಕ್ಕು, ಕ್ರೇನು ತಯಾರಿಟ್ಟುಕೊಂಡದ್ದು.

ಅಪಾಯವೂ ಹೆಚ್ಚಿರುವುದು ರಿಪೇರಿಯಲ್ಲೇ. ತಳದ ಟ್ಯಾಂಕಿಗೆ ಇಳಿಯುವ ಕಿಂಡಿ ಒಬ್ಬ ಆಳು ನುಸುಳುವಷ್ಟು ಮಾತ್ರ. ಬಹುಕಾಲ ಮುಚ್ಚಿಟ್ಟ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವ ಉಕ್ಕೇ ಆಮ್ಲಜನಕವನ್ನೆಲ್ಲ ಹೀರಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ. ಅದಕ್ಕಾಗಿಯೇ ಗಾಳಿ ಪರೀಕ್ಷಿಸಿ ಚೀಟಿ ಕೊಡದೆ ಯಾರೂ ಇಳಿಯುವಂತಿಲ್ಲ, ಬೆಂಕಿಯ ಕೆಲಸಕ್ಕೆ ಬೇರೆ ಪರವಾನಗಿ. 2018ರ ಫೆಬ್ರುವರಿ 13ರಂದು ಕೊಚ್ಚಿಯಲ್ಲೇ ರಿಪೇರಿಗೆ ಬಂದಿದ್ದ ಒಎನ್‌ಜಿಸಿಯ ‘ಸಾಗರ್ ಭೂಷಣ್’ ಹಡಗಿನಲ್ಲಿ ಸ್ಫೋಟವಾಗಿ ಐವರು ಸತ್ತರು. ಚೀಟಿ, ಪರವಾನಗಿಗಳನ್ನು ಕಾಟವೆಂದು ಗೊಣಗುವವರು ಯಾರ್ಡುಗಳಲ್ಲಿ ಈಗಲೂ ಇದ್ದಾರೆ.

ಕೊಚ್ಚಿಯ ಒಂದು ಕವಲು ನಮ್ಮ ಉಡುಪಿಯಲ್ಲೇ ಇದೆ. ದಿವಾಳಿ ಪ್ರಕ್ರಿಯೆಗೆ ಸಿಕ್ಕಿದ್ದ ಟೆಬ್ಮಾ ಶಿಪ್‌ಯಾರ್ಡ್ಸ್ ಕಂಪನಿಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. 2022ರಲ್ಲಿ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದಾಯಿತು. ಕೆಲಸ ನಡೆಯುವುದು ಮಲ್ಪೆ ಮತ್ತು ಹಂಗಾರಕಟ್ಟೆಯಲ್ಲಿ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ತಳ್ಳಿ ಎಳೆಯುವ ಟಗ್‌ಗಳು ಇಲ್ಲಿ ತಯಾರಾಗುತ್ತವೆ, 62 ಟನ್ ಎಳೆಯುವಂಥವು. ಆ 62 ಟನ್ನಿನ ಪರೀಕ್ಷೆ ನೋಡುವಂಥದ್ದು. ಧಕ್ಕೆಯ ಗೂಟಕ್ಕೆ ಟಗ್ಗನ್ನು ಉದ್ದ ಹಗ್ಗದಿಂದ ಕಟ್ಟಿ, ನಡುವೆ ತೂಕದ ಮಾಪಕ ಸಿಕ್ಕಿಸಿ, ಇಂಜಿನ್ ಪೂರ್ತಿ ಬಿಡುತ್ತಾರೆ. ನೀರು ಹಿಂದೆ ಬುಗ್ಗೆಯೆದ್ದರೂ ಟಗ್ ಇದ್ದಲ್ಲೇ ನಿಂತಿರುತ್ತದೆ. ಹಗ್ಗದ ಹತ್ತಿರ ಯಾರನ್ನೂ ಬಿಡುವುದಿಲ್ಲ, ತುಂಡಾದರೆ ಉಳಿಗಾಲವಿಲ್ಲ. ಕೆಲವು ನಿಮಿಷಗಳ ಸರಾಸರಿ ಬರೆದುಕೊಂಡರೆ ಮುಗಿಯಿತು, ಟಗ್ಗಿನ ಬೆಲೆ ನಿಂತಿರುವುದು ಆ ಅಂಕಿಯ ಮೇಲೆ.

ನಾರ್ವೆಯ ವಿಲ್ಸನ್ ಕಂಪನಿ 2023ರಲ್ಲಿ ಇಲ್ಲಿಗೆ 3,800 ಟನ್ ಸರಕು ಹೊರುವ ಆರು ಹಡಗುಗಳ ಆರ್ಡರ್ ಕೊಟ್ಟಿತು. ಕೊಚ್ಚಿಯ ಲೆಕ್ಕದಲ್ಲಿ ಇದು ಸಣ್ಣ ಹಡಗು. ಸೀತಾ, ಸ್ವರ್ಣಾ ಕೂಡಿ ಕಡಲು ಸೇರುವ ಹಂಗಾರಕಟ್ಟೆಗೆ, ಮಂಜಿ ಎಂಬ ಮರದ ಹಡಗುಗಳನ್ನು ಕಂಡ ಈ ಹಳೆಯ ಬಂದರಿಗೆ, ಸಣ್ಣದೇನಲ್ಲ. ಇದಕ್ಕಿಂತ ದೊಡ್ಡದು ಕಟ್ಟುವ ಆಸೆ ಇಲ್ಲಿನವರಿಗೆ ಇದ್ದೇ ಇದೆ. ಆದರೆ ಕ್ರೇನು ಎಷ್ಟೇ ದೊಡ್ಡದು ತಂದು ನಿಲ್ಲಿಸಿದರೂ ಅಳಿವೆಬಾಗಿಲಿನ ಹೂಳು ತೆಗೆಯದಿದ್ದರೆ ಕಟ್ಟಿದ ಹಡಗು ಹೊರಗೆ ಹೋಗುವುದಿಲ್ಲ.