ಬಾಗಿಲೊಳಗಿನ ಬಾಯಿ

ಬೆಳಗ್ಗೆ ‘ಬಾಗಿಲಿಗೆ ನೀರು ಹಾಕು’ ಎಂದರೆ ಯಾರೂ ಮರದ ಹಲಗೆಗೆ ನೀರೆರಚುವುದಿಲ್ಲ. ಹೊಸ್ತಿಲಾಚೆಯ ನೆಲ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಡುತ್ತಾರೆ. ಬಾಗಿಲು ಎಂಬ ಪದದ ಹಳೆಯ ಅರ್ಥ ಈ ಮಾತಿನಲ್ಲಿ ಇನ್ನೂ ಜೀವಂತವಾಗಿದೆ. ಅದು ಒಳಹೋಗುವ ತೆರಪಿನ ಹೆಸರು. ತೆರಪನ್ನು ಮುಚ್ಚುವ ಹಲಗೆಗೆ ಕದ ಎಂಬ ಬೇರೆಯದೇ ಪದವಿತ್ತು.

ಹಳಗನ್ನಡದಲ್ಲಿ ಇದು ಬಾಗಿಲ್. ತಮಿಳಿನಲ್ಲಿ ವಾಯಿಲ್, ವಾಸಲ್, ಮಲಯಾಳದಲ್ಲಿ ವಾತಿಲ್, ತೆಲುಗಿನಲ್ಲಿ ವಾಕಿಲಿ. ತಮಿಳಿನ ರೂಪದಲ್ಲಿ ಎರಡು ತುಂಡುಗಳು ಎದ್ದು ಕಾಣುತ್ತವೆ: ವಾಯ್ ಎಂದರೆ ಬಾಯಿ, ಇಲ್ ಎಂದರೆ ಮನೆ. ಮನೆಯ ಬಾಯಿಯೇ ವಾಯಿಲ್. ಪದದ ಮೊದಲಿಗೆ ತಮಿಳಿನಲ್ಲಿ ವಕಾರವಿದ್ದರೆ ಕನ್ನಡದಲ್ಲಿ ಬಕಾರ ಇರುವುದು ಮಾಮೂಲು. ವೇರ್–ಬೇರು, ವಯಲ್–ಬಯಲು, ವಿಲ್–ಬಿಲ್ಲು, ವಾಯ್–ಬಾಯಿ ಎಲ್ಲವೂ ಇದೇ ಜಾಡಿನವು.

‘ಬಾಗಿ ಒಳಗೆ ಬರಬೇಕು, ಅದಕ್ಕೇ ಬಾಗಿಲು’ ಎನ್ನುವವರಿದ್ದಾರೆ. ಹಳೆಯ ತೊಟ್ಟಿಮನೆಯ ಗಿಡ್ಡ ಬಾಗಿಲಿಗೆ ಹಣೆ ಬಡಿಸಿಕೊಂಡವರಿಗೆ ಇದು ಸರಿಯೆನಿಸೀತು! ಆದರೆ ವಾಯಿಲ್, ವಾಸಲ್‌ಗಳಲ್ಲಿ ಬಾಗುವ ಸುಳಿವೇ ಇಲ್ಲ. ಕನ್ನಡದೊಳಗೆ ಚೆನ್ನಾಗಿ ಹೊಂದುವ ವಿವರಣೆಯನ್ನು ನೆರೆಭಾಷೆಗಳ ಮುಂದೆ ಹಿಡಿದು ನೋಡುವುದೇ ಪದಮೂಲ ಹುಡುಕುವವರ ಮೊದಲ ಪರೀಕ್ಷೆ. ಈ ವಿವರಣೆ ಅಲ್ಲೇ ಬಿದ್ದುಹೋಗುತ್ತದೆ.

ನೆರೆಯವರು ತೆರಪು, ಹಲಗೆಗಳನ್ನು ನಮಗಿಂತ ಚೊಕ್ಕವಾಗಿ ಬೇರೆಯಾಗಿಟ್ಟುಕೊಂಡಿದ್ದಾರೆ. ತೆಲುಗಿನಲ್ಲಿ ವಾಕಿಲಿ ಎಂದರೆ ಮನೆಯ ಮುಂದಿನ ಅಂಗಳವೂ ಹೌದು, ಹಲಗೆಗೆ ‘ತಲುಪು’ ಎಂಬ ಬೇರೆ ಪದವಿದೆ. ತಮಿಳರ ಕದವು ನಮ್ಮ ಕದದ ಒಡಹುಟ್ಟು. ಕನ್ನಡದಲ್ಲಿ ಕದ ಹೆಚ್ಚುಕಡಿಮೆ ‘ಕದ ತಟ್ಟು’ವಷ್ಟಕ್ಕೆ ಉಳಿದು, ಬಾಗಿಲೇ ಎರಡೂ ಕೆಲಸ ವಹಿಸಿಕೊಂಡಿತು. ಆದ್ದರಿಂದಲೇ ಬಡಗಿಗೆ ‘ತೇಗದ ಬಾಗಿಲು ಮಾಡಿಕೊಡಿ’ ಎನ್ನುತ್ತೇವೆ, ಪತ್ರಿಕೆಯಲ್ಲಿ ‘ಮನೆ ಬಾಗಿಲಿಗೆ ಪಡಿತರ’ ಎಂದು ಓದುತ್ತೇವೆ. ಮೊದಲನೆಯದು ಹಲಗೆ, ಎರಡನೆಯದು ಜಾಗ. ಊರ ಹೆಬ್ಬಾಗಿಲಿನಲ್ಲೂ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲೂ ಇರುವುದು ಜಾಗದ ಅರ್ಥವೇ. ಮೂಡಲ ಬಾಗಿಲು ಸವೆದು ಮುಳಬಾಗಿಲು ಆಯಿತೆಂಬುದು ರೂಢಿಯ ವಿವರಣೆ.

ದ್ವಾರದ್ದು ಬೇರೆ ವಂಶ. ಸಂಸ್ಕೃತದ ದ್ವಾರ, ಪಾರಸಿಯ ದರ್, ಇಂಗ್ಲಿಷಿನ ಡೋರ್ ಒಂದೇ ಬೇರಿನವು. ಬೀದರ್ ಕೋಟೆಯ ಶರ್ಜಾ ದರ್ವಾಜದಲ್ಲಿರುವುದೂ ದರ್ಬಾರಿನಲ್ಲಿರುವುದೂ ಅದೇ ದರ್. ನಮ್ಮಲ್ಲಿ ದ್ವಾರಕ್ಕೆ ಮರ್ಯಾದೆ ಜಾಸ್ತಿ. ಗುಡಿಯ ಮುಂದೆ ನಿಲ್ಲುವವನು ದ್ವಾರಪಾಲಕ, ಮದುವೆ ಛತ್ರದ ಮುಂದೆ ಕಟ್ಟುವುದು ಸ್ವಾಗತ ದ್ವಾರ. ಹಾಗೆಂದು ದೇವರಿಗೆ ದ್ವಾರವೇ ಆಗಬೇಕೆಂದೇನಿಲ್ಲ. ವೈಕುಂಠ ಏಕಾದಶಿಯಂದು ಬೆಂಗಳೂರಿನ ದೇವಸ್ಥಾನಗಳಲ್ಲಿ ಜನ ವೈಕುಂಠ ದ್ವಾರ ಹಾಯಲು ಸಾಲು ನಿಂತರೆ, ಶ್ರೀರಂಗದಲ್ಲಿ ಅದೇ ಹಬ್ಬಕ್ಕೆ ತೆರೆಯುವುದು ಪರಮಪದ ವಾಸಲ್.