ಮಗುವಿನೊಂದಿಗೆ ವಿಮಾನ ಯಾನ: ಪೋಷಕರ ಭಯ ಒಂದೆಡೆ, ಅಪಾಯ ಇನ್ನೊಂದೆಡೆ

ಹೆಗ್ಗಡದೇವನಕೋಟೆ: ರೈಲು ಮಾರ್ಗವಿಲ್ಲದ ಈ ತಾಲ್ಲೂಕಿನಿಂದ ವಿಮಾನ ಏರಬೇಕಾದವರು ಮೊದಲು ಸುಮಾರು 50 ಕಿ.ಮೀ. ದೂರದ ಮೈಸೂರನ್ನು ತಲುಪಬೇಕು. ಮೈಸೂರಿನ ಮಂಡಕಳ್ಳಿಯಲ್ಲಿ 2010ರಿಂದ ನವೀಕೃತ ವಿಮಾನ ನಿಲ್ದಾಣವಿದೆಯಾದರೂ 1,740 ಮೀಟರ್ ಉದ್ದದ ಅದರ ರನ್‌ವೇ ಎಟಿಆರ್ ಮಾದರಿಯ ಸಣ್ಣ ವಿಮಾನಗಳಿಗೆಂದೇ ಆದದ್ದು. ಹೀಗಾಗಿ ದೆಹಲಿಗೋ ದುಬೈಗೋ ಅಮೆರಿಕಕ್ಕೋ ಹೊರಟವರ ಪಾಲಿಗೆ ವಿಮಾನ ನಿಲ್ದಾಣವೆಂದರೆ ದೇವನಹಳ್ಳಿಯೇ. ಕೋಟೆಯಿಂದ ಅಲ್ಲಿಗೆ ಸುಮಾರು 230 ಕಿ.ಮೀ. ಬೆಂಗಳೂರಿನ ವಾಹನ ದಟ್ಟಣೆಯನ್ನೂ ಲೆಕ್ಕಕ್ಕೆ ಹಿಡಿದರೆ ಐದಾರು ಗಂಟೆಗಳ ಪ್ರಯಾಣ. ಅಲ್ಲಿಂದ ಮುಂಬೈಗೆ ಹಾರಲು ಬೇಕಾದ ಸಮಯ ಎರಡು ಗಂಟೆಗೂ ಕಡಿಮೆ.

ಆದರೆ ಮನೆಯಲ್ಲಿ ನಡೆಯುವ ಚರ್ಚೆಯೆಲ್ಲವೂ ಆ ಎರಡು ಗಂಟೆಗಳ ಕುರಿತೇ. ಕೈಗೂಸನ್ನು ಅಷ್ಟು ಎತ್ತರಕ್ಕೆ ಒಯ್ಯಬಹುದೇ, ಕಿವಿಗೆ ಏನಾದರೂ ಆದೀತೇ, ಮಧ್ಯದಲ್ಲಿ ಏನಾದರೂ ಸಂಭವಿಸಿದರೆ ಗತಿಯೇನು ಎಂಬ ಪ್ರಶ್ನೆಗಳು ಅಜ್ಜಿಯಿಂದ ಮಗಳಿಗೆ, ಮಗಳಿಂದ ಅಳಿಯನಿಗೆ ದಾಟುತ್ತವೆ. ನಡುರಾತ್ರಿ ಒಂದು ಗಂಟೆಗೆ ಹೊರಡುವ ಬಾಡಿಗೆ ಕಾರಿನ ಚಾಲಕ ಹಗಲೆಲ್ಲ ನಿದ್ದೆ ಮಾಡಿದ್ದಾನೆಯೇ ಎಂದು ಕೇಳುವವರು ವಿರಳ.

ಹಾರಾಟ ಗೋರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ ನಂತರ ಮಧ್ಯಮ ವರ್ಗಕ್ಕೆ ಎಟುಕತೊಡಗಿತು. ಅಂದು ಒಬ್ಬಂಟಿಯಾಗಿ ಮೊದಲ ಬಾರಿಗೆ ವಿಮಾನ ಏರಿದ ತರುಣ ತರುಣಿಯರು ಇಂದು ಮಕ್ಕಳ ತಂದೆ ತಾಯಿಯರು. ಮದುವೆಗೆ ಮುಂಚೆ ನಿರಾತಂಕವಾಗಿ ಹಾರುತ್ತಿದ್ದವರಲ್ಲಿಯೇ ಮಗು ಹುಟ್ಟಿದ ತರುವಾಯ ಭಯ ಕಾಣಿಸಿಕೊಳ್ಳುವುದುಂಟು. ಇದರಲ್ಲಿ ಅಸಹಜವಾದುದೇನೂ ಇಲ್ಲ. ಜವಾಬ್ದಾರಿ ಹೆಚ್ಚಿದೆ, ಹಿಡಿತ ಮಾತ್ರ ಬೇರೊಬ್ಬರ ಕೈಯಲ್ಲಿದೆ. ಮುಚ್ಚಿದ ಬಾಗಿಲಿನ ಆಚೆ ಕುಳಿತ, ಮುಖವನ್ನೇ ಕಾಣದ ಇಬ್ಬರ ಮೇಲೆ ಮಗುವಿನ ಜೀವವನ್ನು ಬಿಟ್ಟಂತೆ ತೋರುತ್ತದೆ.

ನೆನಪುಗಳ ಭಾರ

ಕರ್ನಾಟಕದ ಪೋಷಕರಿಗೆ ಈ ಭಯ ಗಾಳಿಯಿಂದ ಬಂದದ್ದಲ್ಲ. 1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನ ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮುನ್ನವೇ ನೆಲಕ್ಕಪ್ಪಳಿಸಿತು. 146 ಮಂದಿಯಲ್ಲಿ 92 ಮಂದಿ ಮಡಿದರು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ಮೀರಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಉಳಿದವರು ಎಂಟು ಮಂದಿ. ರಜೆಗೆಂದು ಊರಿಗೆ ಬರುತ್ತಿದ್ದ ಕುಟುಂಬಗಳು, ಮಕ್ಕಳು ಅದರಲ್ಲಿದ್ದರು. ತೀರ ಇತ್ತೀಚಿನದು ಅಹಮದಾಬಾದ್. 2025ರ ಜೂನ್ 12ರಂದು ಲಂಡನ್‌ಗೆ ಹೊರಟ ಏರ್ ಇಂಡಿಯಾ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿದ್ದು, ಅದರಲ್ಲಿದ್ದ 242 ಮಂದಿಯಲ್ಲಿ 241 ಮಂದಿಯೂ ನೆಲದ ಮೇಲಿದ್ದ 19 ಮಂದಿಯೂ ಅಸುನೀಗಿದರು. ಮಕ್ಕಳೊಂದಿಗೆ ಆಸನದಲ್ಲಿ ಕುಳಿತು ನಗುತ್ತಿದ್ದ ಕುಟುಂಬವೊಂದರ ಚಿತ್ರ ಆ ದಿನಗಳಲ್ಲಿ ಬಹುತೇಕ ಪ್ರತಿಯೊಂದು ಮೊಬೈಲ್‌ಗೂ ತಲುಪಿತ್ತು. ಅದನ್ನು ನೋಡಿದ ತಾಯಿಗೆ ಅಂಕಿ ಅಂಶ ಹೇಳಿ ಸಮಾಧಾನ ಮಾಡುವುದು ಸುಲಭವಲ್ಲ.

ಹಾಗೆಂದು ಅಂಕಿ ಅಂಶ ಸುಳ್ಳಾಗುವುದಿಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ಪ್ರಾಧ್ಯಾಪಕ ಆರ್ನಾಲ್ಡ್ ಬಾರ್ನೆಟ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2018ರಿಂದ 2022ರ ಅವಧಿಯಲ್ಲಿ ವಿಶ್ವದಾದ್ಯಂತ ವಿಮಾನ ಏರಿದ ಪ್ರತಿ 1.37 ಕೋಟಿ ಪ್ರಯಾಣಿಕರಿಗೆ ಒಂದು ಸಾವು ಸಂಭವಿಸಿದೆ. 1968ರಿಂದ 1977ರ ದಶಕದಲ್ಲಿ ಇದು ಪ್ರತಿ 3.5 ಲಕ್ಷಕ್ಕೆ ಒಂದು ಇತ್ತು. ಇನ್ನು ರಸ್ತೆಯ ವಿಚಾರ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491. ಅಂದರೆ ದಿನವೊಂದಕ್ಕೆ 460ಕ್ಕೂ ಹೆಚ್ಚು. ಅಹಮದಾಬಾದ್ ದುರಂತದಲ್ಲಿ ಮಡಿದವರಿಗಿಂತ ಹೆಚ್ಚಿನವರು ಪ್ರತಿದಿನವೂ ರಸ್ತೆಯಲ್ಲಿ ಸಾಯುತ್ತಾರೆ. ಬೇರೆ ಬೇರೆ ಊರುಗಳಲ್ಲಿ, ಒಬ್ಬೊಬ್ಬರಾಗಿ ಸಾಯುವುದರಿಂದ ಅದು ಮುಖಪುಟದ ಸುದ್ದಿಯಾಗುವುದಿಲ್ಲ.

ಭಯ ತಪ್ಪು ಜಾಗದಲ್ಲಿ ನೆಲೆಗೊಂಡರೆ ಜೀವಹಾನಿಯೇ ಆಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕನ್ನರು ವಿಮಾನ ಬಿಟ್ಟು ಕಾರು ಹತ್ತಿದರು. ಮುಂದಿನ 12 ತಿಂಗಳಲ್ಲಿ ಇದರಿಂದಾಗಿಯೇ ಸುಮಾರು 1,500 ಮಂದಿ ಹೆಚ್ಚುವರಿಯಾಗಿ ರಸ್ತೆ ಅಪಘಾತಗಳಲ್ಲಿ ಸತ್ತರೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆನ್‌ಝರ್ ಅಂದಾಜಿಸಿದ್ದಾರೆ.

ಮಗು ಓದುವುದು ತಾಯಿಯ ಮುಖವನ್ನು

ಪೋಷಕರ ಆತಂಕವನ್ನು ಕಡೆಗಣಿಸಲಾಗದಿರುವುದಕ್ಕೆ ಇನ್ನೊಂದು ಕಾರಣ ಮಗುವೇ. 1985ರಲ್ಲಿ ಅಮೆರಿಕದ ಸಂಶೋಧಕರು ಒಂದು ವರ್ಷದ ಮಕ್ಕಳನ್ನು ಗಾಜಿನ ಮೇಜಿನ ಮೇಲೆ ತೆವಳಲು ಬಿಟ್ಟು ನೋಡಿದರು. ಗಾಜಿನ ಕೆಳಗೆ ಒಂದೆಡೆ ಸಣ್ಣ ತಗ್ಗು ಇರುವಂತೆ ಕಾಣುತ್ತಿತ್ತು. ಎದುರು ತುದಿಯಲ್ಲಿ ತಾಯಿ. ತಾಯಿ ನಗುಮುಖ ತೋರಿದಾಗ 19 ಮಕ್ಕಳಲ್ಲಿ 14 ಮಕ್ಕಳು ಆ ತಗ್ಗನ್ನು ದಾಟಿದವು. ಭಯದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ತನಗೆ ಅರ್ಥವಾಗದ ಸನ್ನಿವೇಶದಲ್ಲಿ ಮಗು ಏನು ಮಾಡಬೇಕೆಂಬುದನ್ನು ಹಿರಿಯರ ಮುಖ ನೋಡಿ ನಿರ್ಧರಿಸುತ್ತದೆ. ವಿಮಾನ ಕುಲುಕಿದಾಗ ಕೂಸು ಕಿಟಕಿಯನ್ನು ನೋಡುವುದಿಲ್ಲ, ತಾಯಿಯನ್ನು ನೋಡುತ್ತದೆ.

ಹಾಗಾದರೆ ಮುಖದ ಮೇಲೆ ಬಲವಂತದ ನಗೆ ತಂದುಕೊಳ್ಳಬೇಕೇ? ಅದಕ್ಕಿಂತ ಉಪಯುಕ್ತವಾದುದು ವಿಮಾನದೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು. ತಿಳಿಯದ ಸದ್ದು ಹೆದರಿಸಿದಷ್ಟು ತಿಳಿದ ಸದ್ದು ಹೆದರಿಸದು.

ಏರ್‌ಬಸ್ ಎ-320 ವಿಮಾನದಲ್ಲಿ, ಅದು ಇನ್ನೂ ನೆಲದ ಮೇಲಿರುವಾಗಲೇ, ಕಾಲಡಿಯಿಂದ ನಾಯಿ ಬೊಗಳಿದಂತೆ ಅಥವಾ ಗರಗಸ ಎಳೆದಂತೆ ಸದ್ದು ಕೇಳುವುದುಂಟು. ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ಒತ್ತಡವನ್ನು ಸರಿದೂಗಿಸುವ ಯಂತ್ರದ ಸದ್ದದು. ಹಾರಿದ ಕೂಡಲೇ ಕೇಳುವ 'ಧಡ್' ಎಂಬ ಶಬ್ದ ಚಕ್ರಗಳು ಒಳಸೇರಿ ಬಾಗಿಲು ಮುಚ್ಚಿಕೊಂಡದ್ದು. ತುಸು ಮೇಲೇರಿದ ಮೇಲೆ ಎಂಜಿನ್‌ನ ಭೋರ್ಗರೆತ ಒಮ್ಮೆಲೇ ತಗ್ಗಿ ವಿಮಾನ ಕುಸಿದಂತೆ ಭಾಸವಾಗುತ್ತದೆ. ಇದು ಅನೇಕರ ಎದೆ ನಡುಗಿಸುವ ಘಳಿಗೆ. ವಾಸ್ತವದಲ್ಲಿ ಪೈಲಟ್ ಎಂಜಿನ್ ವೇಗವನ್ನು ಹಾರಾಟಕ್ಕೆ ಬೇಕಾದಷ್ಟಕ್ಕೆ ಇಳಿಸಿರುತ್ತಾರೆ. ವಿಮಾನ ಏರುತ್ತಲೇ ಇರುತ್ತದೆ. ಇಳಿದ ಮೇಲಿನ ಅಬ್ಬರ ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಕ್ರಮ.

ಗಾಳಿಯ ಕುಲುಕಾಟ ರೆಕ್ಕೆಯನ್ನು ಮುರಿದೀತೆಂಬುದು ಮತ್ತೊಂದು ಸಾಮಾನ್ಯ ಭಯ. ಹಾರಾಟದಲ್ಲಿ ಎದುರಾಗಬಹುದಾದ ಗರಿಷ್ಠ ಒತ್ತಡದ ಒಂದೂವರೆ ಪಟ್ಟನ್ನು ರೆಕ್ಕೆ ತಾಳಬೇಕೆಂಬುದು ನಿಯಮ. 1995ರಲ್ಲಿ ಬೋಯಿಂಗ್ ಕಂಪನಿ 777 ವಿಮಾನದ ರೆಕ್ಕೆಯನ್ನು ಮುರಿಯುವವರೆಗೂ ಬಾಗಿಸಿ ಪರೀಕ್ಷಿಸಿದಾಗ ಅದು ಮುರಿದದ್ದು ಆ ಗರಿಷ್ಠ ಒತ್ತಡದ ಶೇ 154ರಲ್ಲಿ. ಕುಲುಕಾಟದಲ್ಲಿ ಗಾಯಗೊಳ್ಳುವವರು ಬಹುತೇಕ ಬೆಲ್ಟ್ ಧರಿಸದವರು. ಮಗು ಮಲಗಿದ್ದರೂ ಬೆಲ್ಟ್ ಬಿಚ್ಚಬಾರದು.

ಕಿವಿ, ಹಾಲು ಮತ್ತು ಊಟಿ

ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿ ಇಟ್ಟಿರುತ್ತಾರೆ. ಊಟಿ ಇರುವುದು ಸುಮಾರು 7,350 ಅಡಿ ಎತ್ತರದಲ್ಲಿ. ಬಂಡೀಪುರದ ದಾರಿಯಲ್ಲಿ ಊಟಿಗೆ ಹೋಗಿ ಬಂದ ಮಗು, ಎತ್ತರದ ಮಟ್ಟಿಗೆ, ವಿಮಾನದ ಅನುಭವವನ್ನು ಆಗಲೇ ಪಡೆದಿದೆ. ವ್ಯತ್ಯಾಸವಿರುವುದು ಏರಿಳಿಯುವ ವೇಗದಲ್ಲಿ. ಕಲ್ಹಟ್ಟಿ ಘಾಟಿ ಇಳಿಯುವಾಗ ಕಿವಿ ಕಟ್ಟಿದಂತಾಗುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಿವಿಯ ಒಳಭಾಗವನ್ನು ಗಂಟಲಿಗೆ ಜೋಡಿಸುವ ನಾಳ ಮಕ್ಕಳಲ್ಲಿ ಕಿರಿದು ಮತ್ತು ಹೆಚ್ಚು ಅಡ್ಡಲಾಗಿರುತ್ತದೆ. ಆದ್ದರಿಂದ ಒತ್ತಡ ಸರಿಹೊಂದುವುದು ನಿಧಾನ, ನೋವು ಹೆಚ್ಚು. ಏರುವಾಗಿಗಿಂತ ಇಳಿಯುವಾಗ ತೊಂದರೆ ಜಾಸ್ತಿ. ನುಂಗಿದಾಗಲೆಲ್ಲ ಈ ನಾಳ ತೆರೆದುಕೊಳ್ಳುವುದರಿಂದ ಇಳಿಯುವ ಹೊತ್ತಿಗೆ ಎದೆಹಾಲನ್ನೋ ಬಾಟಲಿ ಹಾಲನ್ನೋ ಕುಡಿಸುವುದು ಒಳ್ಳೆಯದು. ವಿಮಾನ ನೆಲ ಮುಟ್ಟುವ ಅರ್ಧ ಗಂಟೆಗೆ ಮುನ್ನವೇ ಇಳಿಯಲಾರಂಭಿಸಿರುತ್ತದೆ ಎಂಬುದನ್ನು ಗಮನಿಸಬೇಕು. ನಿದ್ರೆಯಲ್ಲಿ ನುಂಗುವಿಕೆ ಕಡಿಮೆಯಾದ್ದರಿಂದ ಆಗ ಮಗುವನ್ನು ಎಬ್ಬಿಸುವುದು ಲೇಸು. ಅತ್ತರೆ ಅಳಲಿ; ಅಳುವಾಗಲೂ ನಾಳ ತೆರೆದುಕೊಳ್ಳುತ್ತದೆ. ಪಕ್ಕದ ಸಾಲಿನವರ ಬಿರುನೋಟಕ್ಕೆ ಅಂಜಿ ಮಗುವಿನ ಬಾಯಿ ಮುಚ್ಚಿಸಲು ಹೆಣಗುವ ಪೋಷಕರು ಇದನ್ನು ನೆನಪಿಡಬಹುದು. ನೆಗಡಿ ಅಥವಾ ಕಿವಿ ಸೋರುವಿಕೆ ಇದ್ದಲ್ಲಿ ಮಾತ್ರ ಹೊರಡುವ ಮುನ್ನ ವೈದ್ಯರನ್ನು ಕಾಣತಕ್ಕದ್ದು.

ನಿದ್ದೆ ಬರಲೆಂದು ನೆಗಡಿಯ ಸಿರಪ್ ಕುಡಿಸುವ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ಇದು ಸಲ್ಲದು. ಕೆಲವು ಮಕ್ಕಳಲ್ಲಿ ಈ ಔಷಧಿಗಳು ನಿದ್ದೆಗೆ ಬದಲಾಗಿ ಚಡಪಡಿಕೆಯನ್ನೇ ತರುತ್ತವೆ; ಪುಟ್ಟ ಮಕ್ಕಳಲ್ಲಿ ಉಸಿರಾಟಕ್ಕೂ ತೊಂದರೆಯಾಗಬಹುದು.

ಮಗುವಿನ ಹಾಲು, ಆಹಾರವನ್ನು ಪ್ರಯಾಣಕ್ಕೆ ಬೇಕಾದಷ್ಟು ಕೈಚೀಲದಲ್ಲಿ ಒಯ್ಯಲು ಭದ್ರತಾ ಸಿಬ್ಬಂದಿ ಬಿಡುತ್ತಾರೆ. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ಒಣಕೊಬ್ಬರಿಯನ್ನು ಬಿಡುವುದಿಲ್ಲ. ಎಣ್ಣೆಯಂಶದಿಂದಾಗಿ ಅದು ಬೇಗ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ.

ಆಧಾರವಿರುವ ಭಯ

ಎಲ್ಲ ಭಯವೂ ನಿರಾಧಾರವೆಂದು ಹೇಳಿದರೆ ಓದುಗರಿಗೆ ಅನ್ಯಾಯವಾದೀತು. ಎರಡು ವರ್ಷದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ವಿಮಾನ ಸಂಸ್ಥೆಗಳು ಅವಕಾಶ ನೀಡುತ್ತವೆ. ಆದರೆ ತೀವ್ರ ಕುಲುಕಾಟದಲ್ಲಿ ತೋಳುಗಳ ಬಲ ಸಾಲದು. ಪ್ರತ್ಯೇಕ ಆಸನ ಪಡೆದು ಅದರ ಮೇಲೆ ವಿಮಾನಕ್ಕೆ ಮಾನ್ಯತೆ ಪಡೆದ ಮಕ್ಕಳ ಆಸನ ಬಿಗಿಯುವುದೇ ಹೆಚ್ಚು ಸುರಕ್ಷಿತ ಎಂಬುದು ಅಮೆರಿಕದ ವಿಮಾನಯಾನ ಆಡಳಿತದ ಶಿಫಾರಸು. ಆದರೂ ಅದು ಇದನ್ನು ಕಡ್ಡಾಯ ಮಾಡಲಿಲ್ಲ. 2005ರಲ್ಲಿ ಅದು ಕೊಟ್ಟ ಕಾರಣ ಕುತೂಹಲಕರ: ಹೆಚ್ಚುವರಿ ಟಿಕೆಟ್‌ನ ಖರ್ಚಿಗೆ ಹೆದರಿ ಕುಟುಂಬಗಳು ಕಾರಿನಲ್ಲಿ ಹೊರಟರೆ ರಸ್ತೆಯಲ್ಲಿ ಸಾಯುವವರ ಸಂಖ್ಯೆ ಹೆಚ್ಚಾಗುತ್ತದೆ. ತೊಡೆಯ ಮೇಲೆಯೇ ಕೂರಿಸಿಕೊಳ್ಳುವುದಾದಲ್ಲಿ ಗಗನಸಖಿಯರಿಂದ ಮಗುವಿನ ಪ್ರತ್ಯೇಕ ಬೆಲ್ಟ್ ಕೇಳಿ ಪಡೆಯಬೇಕು. ದೊಡ್ಡವರ ಬೆಲ್ಟ್‌ನೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳುವುದು ಅಪಾಯಕಾರಿ.

ಆಮ್ಲಜನಕದ ಮುಖವಾಡವನ್ನು ಮೊದಲು ತಾವು ಧರಿಸಿ ನಂತರ ಮಗುವಿಗೆ ತೊಡಿಸಿ ಎಂಬ ಸೂಚನೆ ತಾಯಂದಿರ ಮನಸ್ಸಿಗೆ ಒಗ್ಗುವುದಿಲ್ಲ. 35,000 ಅಡಿಯಲ್ಲಿ ಒತ್ತಡ ಕುಸಿದರೆ ಎಚ್ಚರದಿಂದ ಕೆಲಸ ಮಾಡಲು ಉಳಿಯುವ ಸಮಯ 30ರಿಂದ 60 ಸೆಕೆಂಡು. ಮಗುವಿನೊಂದಿಗೆ ಗುದ್ದಾಡುತ್ತ ತಾಯಿ ಪ್ರಜ್ಞೆ ತಪ್ಪಿದರೆ ಇಬ್ಬರಿಗೂ ಕಷ್ಟ. ತಾಯಿ ಧರಿಸಿಕೊಂಡಿದ್ದರೆ ಮಗುವಿಗೆ ತೊಡಿಸಲು ಸಮಯವಿರುತ್ತದೆ.

ಮಗು ಬೇರೆ ಸಾಲಿನಲ್ಲಿ ಕೂರಬೇಕಾದೀತೆಂಬ ಅಳುಕೂ ಹಲವರಿಗಿದೆ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಟಿಕೆಟ್‌ನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕದಲ್ಲಿಯೇ ಆಸನ ನೀಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿದೆ. ಆದ್ದರಿಂದ ಎಲ್ಲರ ಟಿಕೆಟನ್ನೂ ಒಟ್ಟಿಗೇ ಕಾಯ್ದಿರಿಸಬೇಕು.

ದಿನಗಟ್ಟಲೆ ಮೊದಲೇ ನಿದ್ದೆ ಕೆಡುವುದು, ಎದೆ ಬಡಿತ ಏರುವುದು, ಟಿಕೆಟ್ ರದ್ದು ಮಾಡುವುದು ಮರುಕಳಿಸುತ್ತಿದ್ದರೆ ಅದು ಸಾಮಾನ್ಯ ಅಳುಕಲ್ಲ, ಚಿಕಿತ್ಸೆಯಿಂದ ವಾಸಿಯಾಗುವ ತೊಂದರೆ. ತಪ್ಪಿಸಿಕೊಂಡಷ್ಟೂ ಈ ಭಯ ಬಲಿಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೊರಡುವ ಹಿಂದಿನ ರಾತ್ರಿ ಅಪಘಾತದ ವಿಡಿಯೊ ನೋಡದಿರುವುದಕ್ಕೆ ಯಾವ ಸಹಾಯವಾಣಿಯೂ ಬೇಕಿಲ್ಲ.

ನೆಲದ ಮೇಲಿನ 230 ಕಿ.ಮೀ.

ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕುಟುಂಬಗಳು ಬೆಳಗಿನ ವಿಮಾನ ಹಿಡಿಯಲು ನಡುರಾತ್ರಿ ಹೊರಡುವುದು ವಾಡಿಕೆ. ಹೆದ್ದಾರಿಯಲ್ಲಿ ಚಾಲಕರಿಗೆ ನಿದ್ದೆ ಒತ್ತರಿಸುವ ಸಮಯವೇ ಅದು. ಕಾರಿನಲ್ಲಿ ಮಗು ಕೂರುವುದಾದರೂ ಎಲ್ಲಿ? ಮುಂದಿನ ಆಸನದಲ್ಲಿ, ತಾತನ ತೊಡೆಯ ಮೇಲೆ, ಬೆಲ್ಟ್ ಇಲ್ಲದೆ. 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನ ಬಳಸದಿದ್ದರೆ 1,000 ರೂಪಾಯಿ ದಂಡವೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮಾನದಲ್ಲಿ ಗಗನಸಖಿ ಬಂದು ಬೆಲ್ಟ್ ಪರೀಕ್ಷಿಸುತ್ತಾಳೆ, ಕಾರಿನಲ್ಲಿ ಪರೀಕ್ಷಿಸುವವರಿಲ್ಲ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಪ್ರಯಾಣದ ಸಮಯವನ್ನು ತಗ್ಗಿಸಿತು. ಆರಂಭದ ತಿಂಗಳುಗಳಲ್ಲಿ ಅಪಘಾತಗಳಿಗೂ ಹೆಸರಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅಲ್ಲಿ ಬೈಕ್, ಆಟೊಗಳನ್ನು ನಿಷೇಧಿಸಲಾಯಿತು. ಹಿಂದಿನ ದಿನವೇ ಹಗಲಿನಲ್ಲಿ ಹೊರಟು ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ತಂಗುವುದು, ಅದಾಗದಿದ್ದರೆ ಮೈಸೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ಹಿಡಿಯುವುದು ಮಗುವಿನ ಕ್ಷೇಮದ ದೃಷ್ಟಿಯಿಂದ ಹೆಚ್ಚು ವಿವೇಕದ ದಾರಿಗಳು.

ಮರಳಿ ಬರುವಾಗಲೂ ಇದೇ ಲೆಕ್ಕ. ವಿದೇಶದ ವಿಮಾನಗಳು ದೇವನಹಳ್ಳಿಗೆ ಬಂದಿಳಿಯುವುದು ಹೆಚ್ಚಾಗಿ ನಡುರಾತ್ರಿಯ ಆಸುಪಾಸಿನಲ್ಲಿ. ಕರೆದೊಯ್ಯಲು ಊರಿನಿಂದ ಬಂದ ಕಾರು ಸಂಜೆಯಿಂದಲೇ ಕಾದಿರುತ್ತದೆ, ಚಾಲಕನೂ ಕಾದಿರುತ್ತಾನೆ. ಸುರಕ್ಷಿತವಾಗಿ ಇಳಿದೆವೆಂದು ಅಜ್ಜಿಗೆ ಫೋನ್ ಮಾಡುವ ಮೊದಲು ಆತನನ್ನು ಎರಡು ಗಂಟೆ ಮಲಗಲು ಬಿಟ್ಟು, ಬೆಳಕು ಹರಿದ ಮೇಲೆ ಹೊರಡಬಹುದು.