ಅಜ್ಜನ ಲ್ಯಾಂಡ್‌ಮಾಸ್ಟರ್ ಮತ್ತು ಗೂಡಿನಲ್ಲಿದ್ದ ಲೋಟ

ಇಂದು ನಮ್ಮ ಸಮಾಜದ ಅನೇಕ ಮನೆಗಳ ಮುಂದೆ ಒಂದಲ್ಲ ಎರಡು ಕಾರುಗಳು ನಿಂತಿರುವುದನ್ನು ಕಾಣುತ್ತೇವೆ. ಮೊಮ್ಮಕ್ಕಳು ಅವುಗಳ ಹೆಸರನ್ನೂ ಬೆಲೆಯನ್ನೂ ಪಾಠದಂತೆ ಒಪ್ಪಿಸುತ್ತಾರೆ. ಅವರ ಮಾತನ್ನು ಕೇಳುವಾಗಲೆಲ್ಲ ನನ್ನ ಮನಸ್ಸು ಅರವತ್ತು ವರ್ಷಗಳ ಹಿಂದಕ್ಕೆ ಸರಿದು, ಗದಗಿನ ಸೀಮೆಯ ನಮ್ಮ ಹಳೆಯ ಮನೆಯ ಅಂಗಳದಲ್ಲಿ ನಿಂತಿದ್ದ ಒಂದು ಬೂದುಬಣ್ಣದ ಗಾಡಿಯ ಬಳಿಗೆ ಹೋಗಿ ನಿಲ್ಲುತ್ತದೆ. ಆ ಗಾಡಿಯ ನೆನಪು ಸವಿಯಾದುದು. ಅದರ ಜೊತೆಗೆ ಅಂಟಿಕೊಂಡು ಬರುವ ಇನ್ನೊಂದು ನೆನಪು ಸವಿಯಾದುದಲ್ಲ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಅಜ್ಜನವರು ಹತ್ತಿಯ ಅಡತಿ ವ್ಯಾಪಾರ ಮಾಡುತ್ತಿದ್ದರು. ಜಯಧರ ಹತ್ತಿಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ ಅವರು ಯಾರೋ ಬಳಸಿ ಬಿಟ್ಟಿದ್ದ ಹಿಂದುಸ್ಥಾನ್ ಲ್ಯಾಂಡ್‌ಮಾಸ್ಟರ್ ಕಾರನ್ನು ಕೊಂಡರು. ನಾನು ಹುಟ್ಟಿದ 1961ರ ಹೊತ್ತಿಗೆ ಅದು ಆಗಲೇ ನಮ್ಮ ಮನೆಯ ಹಿರಿಯ ಸದಸ್ಯನಂತೆ ಅಂಗಳದಲ್ಲಿ ನೆಲೆಸಿತ್ತು. ಅಂದು ದೇಶದಲ್ಲಿ ಕಾರು ತಯಾರಿಸುವವರೇ ಬೆರಳೆಣಿಕೆಯಷ್ಟು. 1942ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾಡಾದಲ್ಲಿ, 1944ರಲ್ಲಿ ವಾಲಚಂದ ಹೀರಾಚಂದರು ಸ್ಥಾಪಿಸಿದ ಪ್ರೀಮಿಯರ್ ಸಂಸ್ಥೆಯು ಮುಂಬಯಿಯ ಕುರ್ಲಾದಲ್ಲಿ, ಸ್ಟ್ಯಾಂಡರ್ಡ್ ಸಂಸ್ಥೆಯು ಮದರಾಸಿನಲ್ಲಿ ಕಾರುಗಳನ್ನು ಮಾಡುತ್ತಿದ್ದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಎರಡನೆಯ ಮಾದರಿಯೇ ಇಲ್ಲಿ ಲ್ಯಾಂಡ್‌ಮಾಸ್ಟರ್ ಎನಿಸಿತು; ಅದರ ಮೂರನೆಯ ಮಾದರಿಯಿಂದ ಅಂಬಾಸಿಡರ್ ಹುಟ್ಟಿತು.

ಲ್ಯಾಂಡ್‌ಮಾಸ್ಟರಿನ ಮುಂದಿನ ಆಸನ ಮನೆಯ ಕಟ್ಟೆಯಂತೆ ಒಂದೇ ಉದ್ದದ್ದು. ಗೇರಿನ ಹಿಡಿಕೆ ಸ್ಟೀರಿಂಗಿನ ಕೆಳಗೇ ಇದ್ದುದರಿಂದ ಕಾಲಿನ ಬಳಿ ಜಾಗ ವಿಶಾಲವಾಗಿತ್ತು. ಮುಂದೆ ಮೂವರು, ಹಿಂದೆ ನಾಲ್ವರು ಹಿರಿಯರು, ಅವರ ತೊಡೆಯ ಮೇಲೆ ನಾವು ಮಕ್ಕಳು, ಹೀಗೆ ಒಂದು ಕುಟುಂಬವೇ ಅದರಲ್ಲಿ ಹಿಡಿಸುತ್ತಿತ್ತು. ಚಳಿಗಾಲದ ಬೆಳಗಿನಲ್ಲಿ ಎಂಜಿನ್ನು ಏಳುತ್ತಿರಲಿಲ್ಲ. ಆಗ ಮುಂಭಾಗದ ರಂಧ್ರದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ಜೋರಾಗಿ ತಿರುಗಿಸಬೇಕು. ಎರಡು ಸಲ ಕೆಮ್ಮಿ, ಮೂರನೆಯ ಸಲ ಅದು ಎದ್ದು ಗುರುಗುಡತೊಡಗಿದಾಗ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಪೆಟ್ರೋಲು, ಬಿಸಿಯಾದ ರೆಕ್ಸಿನ್, ಅಜ್ಜನವರು ಮುಂದಿನ ಗೂಡಿನಲ್ಲಿ ಇಡುತ್ತಿದ್ದ ವಿಭೂತಿ, ಈ ಮೂರೂ ಬೆರೆತ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ.

ಆ ಹ್ಯಾಂಡಲನ್ನು ತಿರುಗಿಸುತ್ತಿದ್ದವರು ನಮ್ಮ ಚಾಲಕರು. ಮನೆಯವರೆಲ್ಲ ಅವರನ್ನು ‘ಡ್ರೈವರಣ್ಣ’ ಎಂದೇ ಕರೆಯುತ್ತಿದ್ದೆವು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಗೌರವದ ಬಾಳು ನಡೆಸುತ್ತಿರುವುದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಚರ್ಮದ ಕಾಯಕದ ಮನೆತನದಿಂದ ಬಂದವರು. ಲಾರಿಯ ಕ್ಲೀನರ್ ಆಗಿದ್ದು ಗಾಡಿ ನಡೆಸಲು ಕಲಿತವರು. ಮಿತಭಾಷಿ, ಶುಚಿಯಾದ ಬಟ್ಟೆ, ದುಶ್ಚಟಗಳಿಲ್ಲ. ಒಮ್ಮೆ ಹಿಂದಿನ ಆಸನ ಹರಿದು ಒಳಗಿನ ನಾರು ಹೊರಬಿದ್ದಾಗ, ಅವರು ತಮ್ಮ ತಂದೆಯ ಅಡಿಗಲ್ಲು, ಉಳಿ, ದಬ್ಬಣಗಳನ್ನು ತಂದು ಇಡೀ ಮಧ್ಯಾಹ್ನ ಕುಳಿತು ಹೊಲಿದರು. ಮೇಣ ಸವರಿದ ದಾರ ರೆಕ್ಸಿನ್ನಿನೊಳಗೆ ಹೋಗಿ ಬರುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಮರುದಿನ ನಮ್ಮ ಅಜ್ಜಿ ಅದೇ ಹೊಲಿಗೆಯ ಮೇಲೆ ನಿಶ್ಚಿಂತೆಯಿಂದ ಕುಳಿತು ಮದುವೆಗೆ ಹೋದರು.

ಆದರೆ ಡ್ರೈವರಣ್ಣನಿಗೆ ಚಹಾ ಕೊಡುವ ಲೋಟ ನಮ್ಮ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ. ಹೊರಗಿನ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಒಂದು ಸಿಲ್ವರ್ ಲೋಟ, ಒಂದು ತಟ್ಟೆ. ಅವರೇ ತೆಗೆದುಕೊಂಡು, ಅವರೇ ತೊಳೆದು, ಅಲ್ಲಿಯೇ ಇಡುತ್ತಿದ್ದರು. ಯಾರೂ ಅವರನ್ನು ಗದರಿಸಿದ್ದನ್ನು ನಾನು ಕಂಡಿಲ್ಲ. ಅದು ಹಾಗೆಯೇ ಇರಬೇಕೆಂದು ಎಲ್ಲರೂ ತಿಳಿದಂತಿತ್ತು. ಮಗುವಾಗಿದ್ದ ನಾನೂ ಹಾಗೆಯೇ ತಿಳಿದಿದ್ದೆ.

1966ರಲ್ಲಿ, ನನಗೆ ಐದು ವರ್ಷವಾಗಿದ್ದಾಗ, ಮನೆಯವರೆಲ್ಲ ಕೂಡಲಸಂಗಮಕ್ಕೆ ಹೊರಟೆವು. ನರೇಗಲ್ಲು, ಗಜೇಂದ್ರಗಡ, ಇಳಕಲ್ಲು, ಹುನಗುಂದದ ಮಾರ್ಗ. ಅಜ್ಜನವರ ಲೆಕ್ಕದಲ್ಲಿ ಎಪ್ಪತ್ತು ಮೈಲಿಗೂ ಮಿಕ್ಕ ದಾರಿ. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಎರೆಭೂಮಿಯ ಹಾದಿಯೊಂದರಲ್ಲಿ ಗಾಡಿ ಮೊಣಕಾಲುದ್ದ ಹೂತುಹೋಯಿತು. ಹೊಲದಲ್ಲಿದ್ದ ರೈತರು ಎತ್ತುಗಳನ್ನು ಬಿಚ್ಚಿ ತಂದು ಹಗ್ಗ ಕಟ್ಟಿ ಎಳೆದರು. ಉತ್ತರಪಾಡಾದ ಯಂತ್ರವನ್ನು ನಮ್ಮ ನೆಲದ ಬಸವಣ್ಣಗಳು ದಡ ಹತ್ತಿಸಿದವೆಂದು ಅಜ್ಜಿ ನಕ್ಕು, ಎತ್ತುಗಳ ಹಣೆಗೆ ವಿಭೂತಿ ಹಚ್ಚಿದರು.

ಕೆಸರಿನಲ್ಲಿ ತಿಣುಕಿದ ಎಂಜಿನ್ನು ಕಾದು, ರೇಡಿಯೇಟರಿನಿಂದ ಹಬೆ ಏಳತೊಡಗಿತು. ಮುಂದಿನ ಹಳ್ಳಿಯ ಬಾವಿಯ ಬಳಿ ಗಾಡಿ ನಿಲ್ಲಿಸಿದೆವು. ಡ್ರೈವರಣ್ಣ ತಗಡಿನ ಡಬ್ಬಿ ಹಿಡಿದು ಇಳಿದರು. ಆದರೆ ಬಾವಿಯ ಕಟ್ಟೆಯನ್ನು ಏರಲಿಲ್ಲ. ಹತ್ತು ಮಾರು ದೂರದಲ್ಲಿ ಡಬ್ಬಿಯನ್ನು ನೆಲದ ಮೇಲಿಟ್ಟು ನಿಂತುಕೊಂಡರು. ನೀರು ಸೇದುತ್ತಿದ್ದವರು ಅವರ ಮುಖ ನೋಡಿದರು, ಹಗ್ಗದ ಕೆಲಸ ಮುಗಿಸಿದರು, ಬಹಳ ಹೊತ್ತಿನ ಮೇಲೆ ಒಬ್ಬರು ಬಂದು ಎತ್ತರದಿಂದ ಡಬ್ಬಿಗೆ ನೀರು ಸುರಿದರು. ಅವರು ಒದ್ದೆ ಬಟ್ಟೆಯಿಂದ ಮುಚ್ಚಳ ತೆರೆದು ಅಷ್ಟನ್ನೂ ರೇಡಿಯೇಟರಿಗೆ ಹೊಯ್ದರು. ನಾನು ಕಿಟಕಿಯಿಂದ ಕೇಳಿದೆ, “ನೀವ ಯಾಕ ಸೇದಲಿಲ್ಲ?” ಅವರೆಂದರು, “ಗಾಡಿಗೆ ನೀರ ಸಿಕ್ತಲ್ಲ ತಮ್ಮಾ, ಸಾಕು.”

ಅವರು ಕುಡಿದಿರಲಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನವು ರದ್ದುಗೊಳಿಸಿ, 1955ರಲ್ಲಿಯೇ ಅದನ್ನು ಅಪರಾಧವೆಂದು ಸಾರುವ ಕಾಯಿದೆ ಬಂದಿದ್ದ ದೇಶವದು. ಅಜ್ಜನವರು ಗಾಡಿಯೊಳಗೇ ಕುಳಿತಿದ್ದರು. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಪಂಚಾಚಾರಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದವರು ಅವರೇ. ಅಂದು ಅವರು ಒಂದು ಮಾತೂ ಆಡಲಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದಲ್ಲಿ ಮಿಂದು, ಬಸವಣ್ಣನವರ ಐಕ್ಯಸ್ಥಳಕ್ಕೆ ಹಣೆಮಣಿದು ಹಿಂದಿರುಗಿದೆವು. ಸಮಗಾರ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಕಲ್ಯಾಣದ ಆ ಲಗ್ನದ ಕಥೆಯನ್ನು ಅಜ್ಜಿ ದಾರಿಯುದ್ದಕ್ಕೂ ನಮಗೆ ಹೇಳಿದರು. ಮುಂದಿನ ಆಸನದಲ್ಲಿ ಗಾಡಿ ನಡೆಸುತ್ತಿದ್ದವರೂ ಅದನ್ನು ಕೇಳುತ್ತಿದ್ದರೆಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

1968ರಲ್ಲಿ ಲ್ಯಾಂಡ್‌ಮಾಸ್ಟರ್ ಹೋಗಿ ಅಂಬಾಸಿಡರ್ ಬಂದಿತು. ಹೊಸ ಗಾಡಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ನಮ್ಮ ತಂದೆಯವರು ಹೆಸರು ಬರೆಸಿದ್ದನ್ನೇ ಮರೆತಿದ್ದರು. ಬಿಳಿಯ ಬಣ್ಣ, ದುಂಡನೆಯ ಮೈ, 1489 ಸಿ.ಸಿ. ಎಂಜಿನ್ನು. ಗಾಡಿ ಹೊಸದಾಯಿತು, ಗೂಡಿನಲ್ಲಿದ್ದ ಲೋಟ ಅಲ್ಲಿಯೇ ಇತ್ತು.

1970ರ ಜೂನಿನಲ್ಲಿ ನನ್ನನ್ನು ವಿದ್ಯಾಭ್ಯಾಸಕ್ಕಾಗಿ ಮಠವೊಂದಕ್ಕೆ ಬಿಡಲು ಅಜ್ಜನವರು ಅದೇ ಅಂಬಾಸಿಡರಿನಲ್ಲಿ ಕರೆದೊಯ್ದರು. ಪೂಜೆ ಮುಗಿದು ದಾಸೋಹದ ಹೊತ್ತಾಯಿತು. ಉದ್ದನೆಯ ಪಂಕ್ತಿಯಲ್ಲಿ ಎಲ್ಲರೂ ಕುಳಿತೆವು. ಮಠದ ಹಿರಿಯ ಪೂಜ್ಯರು ಪಂಕ್ತಿಯ ಮೇಲೆ ಕಣ್ಣಾಡಿಸುತ್ತ ಬಂದವರು ಅಜ್ಜನವರ ಮುಂದೆ ನಿಂತರು. “ಹುಡುಗನನ್ನು ಇಷ್ಟು ದೂರ ಕರೆತಂದವರು ಎಲ್ಲಿ?” ಎಂದು ಕೇಳಿದರು. ಅಜ್ಜನವರು “ನಾನೇ ಬುದ್ಧಿ” ಎಂದರು. “ನೀವು ಕುಳಿತು ಬಂದವರು. ನಡೆಸಿ ತಂದವರನ್ನು ಕೇಳಿದೆ” ಎಂದರು ಪೂಜ್ಯರು. ಅವರು ಹೊರಗೆ ಗಾಡಿಯ ಬಳಿ ಇದ್ದಾರೆಂದೂ, ದೀಕ್ಷೆಯಾದವರಲ್ಲವೆಂದೂ ಅಜ್ಜನವರು ತಗ್ಗಿದ ದನಿಯಲ್ಲಿ ಹೇಳಿದರು. “ಹಸಿವಿಗೆ ದೀಕ್ಷೆ ಬೇಕೇನು?” ಎಂದಷ್ಟೇ ಹೇಳಿ, ಪೂಜ್ಯರು ತಾವೇ ಬಾಗಿಲವರೆಗೆ ಹೋಗಿ ಡ್ರೈವರಣ್ಣನನ್ನು ಕರೆತಂದರು. ಅಜ್ಜನವರಿಗೂ ನನಗೂ ನಡುವೆ ಜಾಗ ಮಾಡಿಸಿ ಕೂಡಿಸಿದರು.

ಡ್ರೈವರಣ್ಣನ ಕೈ ನಡುಗುತ್ತಿತ್ತು. ಜೋಳದ ರೊಟ್ಟಿಯನ್ನು ಮುರಿಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಜ್ಜನವರು ತಲೆ ಎತ್ತದೆ ಉಂಡರು. ನನಗೆ ಮನೆ ಬಿಟ್ಟ ದುಃಖದಲ್ಲಿ ಅಳು ಬರುತ್ತಿತ್ತು. ಡ್ರೈವರಣ್ಣ ತಮ್ಮ ಎಲೆಯ ಹೋಳಿಗೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ನಾನು ತಿಂದೆ. ಮಠದಲ್ಲಿ ನಾನು ಕಲಿತ ಮೊದಲ ಪಾಠ ಅದೇ. ಮುಂದೆ ಓದಿದ ಶಾಸ್ತ್ರಗಳೆಲ್ಲ ಅದರ ಮೇಲಿನ ಟೀಕೆಗಳೆಂದೇ ನನಗೆ ತೋರಿದೆ.

ದಸರೆಯ ರಜೆಗೆ ಮನೆಗೆ ಬಂದಾಗ ಗೂಡು ಬರಿದಾಗಿತ್ತು. ಅಜ್ಜಿಯೇ ಆ ಲೋಟವನ್ನು ತೆಗೆದು, ಮನೆಯ ಹಿತ್ತಾಳೆಯ ಲೋಟದಲ್ಲಿ ಚಹಾ ಕೊಡತೊಡಗಿದ್ದರು. ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಒಳಗೆ ಬಂದು ಉಣ್ಣಿರೆಂದು ಕರೆದರೂ ಡ್ರೈವರಣ್ಣ ಬಹುಕಾಲ ಹೊಸ್ತಿಲು ದಾಟಲಿಲ್ಲ. ಹೊರಗೆ ನಿಲ್ಲಿಸಲು ಒಂದು ನೋಟ ಸಾಕಾಗಿತ್ತು. ಒಳಗೆ ಕರೆತರಲು ವರ್ಷಗಳೇ ಬೇಕಾದವು. ನನ್ನ ಅಕ್ಕನ ಮದುವೆಯಲ್ಲಿ ಅವರು ನಮ್ಮ ಪಂಕ್ತಿಯಲ್ಲಿ ಕುಳಿತಾಗ, ನಮ್ಮವರಲ್ಲಿಯೇ ಇಬ್ಬರು ಎದ್ದು ಹೋದರು. ಅಜ್ಜನವರು ಅವರನ್ನು ಮರಳಿ ಕರೆಯಲಿಲ್ಲ. ಬಾವಿಯ ಬಳಿ ಆಡದೆ ಉಳಿದ ಮಾತಿಗೆ ಅದು ಅವರ ಉತ್ತರವಾಗಿತ್ತೆಂದು ನಾನು ಭಾವಿಸಿದ್ದೇನೆ.

ಕಾಲ ಸರಿಯಿತು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಾಗ, ಪತ್ರಿಕೆಗಳಲ್ಲಿ ಆ ಗಾಡಿಯ ಗುಣಗಾನ ಓದಿ ನನ್ನ ಕಣ್ಣುಗಳೂ ತೇವಗೊಂಡವು. ಆದರೆ ಗಾಡಿಯನ್ನು ನೆನೆಯುವವರು ಅದನ್ನು ನಡೆಸಿದವರನ್ನು ನೆನೆಯುವುದು ಕಡಿಮೆ. ಹುಟ್ಟು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದ ಅಂಬಿಗರ ಚೌಡಯ್ಯನವರು ಅನುಭವ ಮಂಟಪದ ಗೌರವಾನ್ವಿತ ಶರಣರು. ಇಂದು ನಮ್ಮನ್ನು ರಾತ್ರಿ ಹಗಲೆನ್ನದೆ ಊರಿಂದೂರಿಗೆ ಮುಟ್ಟಿಸುವವರದೂ ಅದೇ ಕಾಯಕವಲ್ಲವೇ?

ಓದುಗ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಮನೆಗಳ ಗೋಡೆಗಳಲ್ಲಿ ಇಂದು ಅಂಥ ಗೂಡುಗಳಿಲ್ಲದಿರಬಹುದು. ಆದರೂ ಮದುವೆ ಮಂಟಪಗಳ ಹೊರಗೆ, ಸಾಲುಸಾಲಾಗಿ ನಿಂತ ಕಾರುಗಳ ನಡುವೆ, ಮಧ್ಯಾಹ್ನದ ಮೂರು ಗಂಟೆಯವರೆಗೂ ಊಟಕ್ಕಾಗಿ ಕಾದು ಕುಳಿತವರನ್ನು ನಾನು ಈಗಲೂ ಕಾಣುತ್ತೇನೆ. ಮುಂದಿನ ಸಲ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಮೊದಲು, ನಿಮ್ಮನ್ನು ನಡೆಸಿ ತಂದವರು ಎಲ್ಲಿದ್ದಾರೆಂದು ಒಮ್ಮೆ ಕೇಳಿರಿ. ಹೋಗಿ ಕರೆದುಕೊಂಡು ಬನ್ನಿರಿ. ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ನಿಮ್ಮ ಮನೆಯ ಮಗುವೊಂದು ಅದನ್ನು ನೋಡುತ್ತಿರುತ್ತದೆ. ಅರವತ್ತು ವರ್ಷಗಳಾದರೂ ಅದು ಮರೆಯುವುದಿಲ್ಲ.